ಕೈಗೆ ತಕ್ಕ ಕೋಲು

ಗಾಲ್ಫ್‌ನಲ್ಲಿ ದೂರ ಹೊಡೆಯುವವರಿಗಷ್ಟೇ ಗೆಲುವು ಎಂಬ ಮಾತನ್ನು ಬೆಂಗಳೂರಿನ ಅದಿತಿ ಅಶೋಕ್ ಸುಳ್ಳು ಮಾಡಿ ತೋರಿಸಿದರು. ಹೈಬ್ರಿಡ್ ಕ್ಲಬ್ ಕೊಳ್ಳಲು ಹೊರಟವರು ಅವರ ಆಟದಿಂದ ಕಲಿಯಬೇಕಾದ್ದು ಬಹಳಷ್ಟಿದೆ.

2021ರ ಆಗಸ್ಟ್ 7ರ ಬೆಳಿಗ್ಗೆ. ಮರುದಿನ ನಾಗರ ಅಮಾವಾಸ್ಯೆ. ರೋಣ ತಾಲ್ಲೂಕಿನ ಸವಡಿಯ ಎರೆಹೊಲಗಳಲ್ಲಿ ಹೆಸರುಕಾಯಿ ಬಲಿತು ಬಿಡಿಸಲು ಬಂದಿತ್ತು. ಊರ ಮನೆಯ ಪಡಸಾಲೆಯಲ್ಲಿ ಟಿವಿ ಹಚ್ಚಿಕೊಂಡು ನಾವೊಂದಿಷ್ಟು ಜನ ಕುಳಿತಿದ್ದೆವು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್, ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರದಲ್ಲಿದ್ದರು. ನಮ್ಮ ಸೀಮೆಯಲ್ಲಿ ಯಾರೂ ಆಡದ ಆಟ. ನಿಯಮ ಗೊತ್ತಿದ್ದವರು ಕಡಿಮೆ. ಆದರೂ ಯಾರೂ ಎದ್ದು ಹೋಗಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನೆ ನೋಡಿದ ಕಾಕಾ ಕೇಳಿದರು: "ಅಲ್ಲೋ ತಮ್ಮಾ, ಉಳದವ್ರು ಗಿಡ್ಡ ಕೋಲು ತಗೊಂಡು ಹೊಡೀಲಿಕ್ಕತ್ಯಾರ. ಈ ಹುಡುಗಿ ಯಾಕ ಉದ್ದಂದು, ದಪ್ಪ ತಲೀದು ತಗೋತಾಳ?"

"ಆಕಿ ಮೊದಲ್ನೇ ಹೊಡತ ಅವ್ರಷ್ಟು ದೂರ ಹೋಗೂದಿಲ್ಲ ಕಾಕಾ. ಹಿಂದ ಉಳದಿರ್ತಾಳ. ಅದಕ್ಕ ಎರಡನೇದು ಉದ್ದ ಕೋಲಿನ್ಯಾಗ ಹೊಡೀಬೇಕಾಗ್ತದ."

"ಹಂಗಾರ ತನ್ನ ಕೈ ಅಳತಿ ಆಕಿಗೆ ಪಕ್ಕಾ ಗೊತ್ತೈತಿ ಅನ್ನು" ಎಂದರು ಕಾಕಾ.

ಗಾಲ್ಫ್ ಅಂಗಡಿಯಲ್ಲಿ ಹೈಬ್ರಿಡ್ ಕ್ಲಬ್‌ಗಳ ಸಾಲಿನ ಮುಂದೆ ನಿಂತು ಯಾವುದನ್ನು ಎತ್ತಿಕೊಳ್ಳಲಿ ಎಂದು ತಡಕಾಡುವ ಎಲ್ಲರೂ ಕೇಳಬೇಕಾದ ಮಾತು ಇದು. ತನ್ನ ಕೈಯ ಅಳತೆ ತನಗೆ ಗೊತ್ತಿರಬೇಕು. ಕ್ಲಬ್‌ನ ಆಯ್ಕೆ ಅಲ್ಲಿಂದಲೇ ಶುರುವಾಗುತ್ತದೆ.

269 ಹೊಡೆತಗಳ ಪಾಠ

ಟೋಕಿಯೊ ಹತ್ತಿರದ ಕಸುಮಿಗಸೆಕಿ ಕಂಟ್ರಿ ಕ್ಲಬ್‌ನಲ್ಲಿ ಅದಿತಿ ನಾಲ್ಕು ಸುತ್ತುಗಳಲ್ಲಿ ಆಡಿದ್ದು 67, 66, 68, 68. ಒಟ್ಟು 269, ಅಂದರೆ ಪಾರ್‌ಗಿಂತ 15 ಕಡಿಮೆ. ಅಮೆರಿಕದ ನೆಲ್ಲಿ ಕೋರ್ಡಾ 17 ಕಡಿಮೆ ಹೊಡೆತಗಳಲ್ಲಿ ಮುಗಿಸಿ ಚಿನ್ನ ಗೆದ್ದರು. 16 ಕಡಿಮೆಯಲ್ಲಿ ಸಮನಾಗಿ ನಿಂತ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಪ್ಲೇಆಫ್ ಆಡಿ ಬೆಳ್ಳಿ, ಕಂಚು ಹಂಚಿಕೊಂಡರು. ಒಂದೇ ಒಂದು ಹೊಡೆತದ ಅಂತರದಲ್ಲಿ ಅದಿತಿ ನಾಲ್ಕನೆಯವರಾದರು. ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದು ದೇಶವೆಲ್ಲ ಅತ್ತ ತಿರುಗಿತು. ಬೆಳಗಿನ ಆ ಆಟದ ಬಗ್ಗೆ ಆಗಬೇಕಾದಷ್ಟು ಮಾತು ಆಗಲೇ ಇಲ್ಲ.

ಆ ವರ್ಷ ಅದಿತಿ ಕೋವಿಡ್‌ನಿಂದ ಬಳಲಿ ಎದ್ದಿದ್ದರು. ಮೊದಲೇ ದೂರ ಹೊಡೆಯುವ ಆಟಗಾರ್ತಿ ಅಲ್ಲ. ಕಾಯಿಲೆಯಿಂದ ಇನ್ನಷ್ಟು ಬಲ ಕುಗ್ಗಿತ್ತು. ಡ್ರೈವರ್ ಹೊಡೆತದಲ್ಲಿ ಎದುರಾಳಿಗಳು ಹತ್ತಾರು ಗಜ ಮುಂದೆ ಹೋಗಿ ನಿಲ್ಲುತ್ತಿದ್ದರು. ಅವರು ಗಿಡ್ಡ ಐರನ್‌ನಿಂದ ಗ್ರೀನ್‌ಗೆ ಚೆಂಡು ಇಳಿಸುವಾಗ ಅದಿತಿ ಫೇರ್‌ವೇ ವುಡ್ಡನ್ನೋ ಹೈಬ್ರಿಡ್ಡನ್ನೋ ಹಿಡಿಯಬೇಕಿತ್ತು. ಆ ಉದ್ದದ ಹೊಡೆತಗಳನ್ನು ಅವರು ಗ್ರೀನ್ ಮೇಲೆ ನಿಲ್ಲಿಸಿದರು, ಉಳಿದದ್ದನ್ನು ಪಟರ್‌ನಿಂದ ಸಾಧಿಸಿದರು.

1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಐದನೇ ವಯಸ್ಸಿಗೇ ಕ್ಲಬ್ ಹಿಡಿದವರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ವಯಸ್ಸು ಹದಿನೆಂಟು. ಕ್ಯಾಡಿಯಾಗಿ ಚೀಲ ಹೊತ್ತವರು ತಂದೆ. ಟೋಕಿಯೊದಲ್ಲಿ ಆ ಕೆಲಸ ತಾಯಿಯದು. 2016ರಲ್ಲೇ ಇಂಡಿಯನ್ ಓಪನ್ ಗೆದ್ದು, ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಆ ಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಂದ ಮೊದಲ ಪದಕ ಅದು. ಇಷ್ಟನ್ನೂ ಅವರು ಸಾಧಿಸಿದ್ದು ಬೇರೆಯವರ ತೋಳ್ಬಲವನ್ನು ಅನುಕರಿಸಿ ಅಲ್ಲ. ತಮ್ಮ ದೂರ ಎಷ್ಟೆಂದು ಒಪ್ಪಿಕೊಂಡು, ಅದಕ್ಕೆ ತಕ್ಕ ಕ್ಲಬ್‌ಗಳಲ್ಲಿ ಪಳಗಿ.

ಐರನ್‌ಗೂ ವುಡ್‌ಗೂ ನಡುವೆ

ಹೈಬ್ರಿಡ್ ಬರುವ ಮೊದಲು 180–200 ಗಜದ ಹೊಡೆತಕ್ಕೆ ಸಾಮಾನ್ಯ ಆಟಗಾರನ ಬಳಿ ಇದ್ದ ದಾರಿ ಎರಡೇ: 2, 3, 4ನೇ ನಂಬರಿನ ಲಾಂಗ್ ಐರನ್ ಅಥವಾ ಫೇರ್‌ವೇ ವುಡ್. ಲಾಂಗ್ ಐರನ್‌ನ ಮುಖ ತೆಳು, ಲಾಫ್ಟ್ (ಮುಖದ ಓರೆ) ಕಡಿಮೆ. ಚೆಂಡು ಮೇಲೇಳಬೇಕಾದರೆ ಸ್ವಿಂಗ್ ವೇಗವಾಗಿರಬೇಕು, ಮುಖದ ನಟ್ಟನಡುವೆ ತಾಗಬೇಕು. ಸ್ವಲ್ಪ ತಪ್ಪಿದರೂ ಹೊಡೆತ ಸತ್ತಂತೆಯೇ. ಫೇರ್‌ವೇ ವುಡ್‌ನ ಶಾಫ್ಟ್ ಉದ್ದ, ತಲೆ ದೊಡ್ಡದು. ರಫ್‌ನ ದಟ್ಟ ಹುಲ್ಲಿನಲ್ಲಿ ಹೂತ ಚೆಂಡಿಗೆ ಅದು ಒಗ್ಗುವುದಿಲ್ಲ.

ಇವೆರಡರ ನಡುವಿನ ಜಾಗಕ್ಕೆ ಬಂದದ್ದು ಹೈಬ್ರಿಡ್. ಶಾಫ್ಟ್‌ನ ಉದ್ದ ಐರನ್‌ಗಿಂತ ಒಂದಿಷ್ಟು ಹೆಚ್ಚು, ವುಡ್‌ಗಿಂತ ಕಡಿಮೆ. ತಲೆಯ ಒಳಗೆ ಪೊಳ್ಳು. ತೂಕವನ್ನೆಲ್ಲ ಕೆಳಕ್ಕೂ ಹಿಂದಕ್ಕೂ ತಳ್ಳಿರುತ್ತಾರೆ. ಗುರುತ್ವ ಕೇಂದ್ರ ಕೆಳಗೆ, ಹಿಂದೆ ಇರುವುದರಿಂದ ಚೆಂಡು ತಾನಾಗಿ ಮೇಲೇಳುತ್ತದೆ. ತೂಕ ಹರಡಿಕೊಂಡಿರುವುದರಿಂದ ಮುಖದ ಅಂಚಿಗೆ ತಾಗಿದಾಗಲೂ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ತಳ ಅಗಲವಾಗಿದ್ದು ಹುಲ್ಲಿನ ಮೇಲೆ ಜಾರಿಹೋಗುತ್ತದೆ. ಐರನ್‌ನ ಕುತ್ತಿಗೆಯಂತೆ ರಫ್‌ನಲ್ಲಿ ಸಿಕ್ಕಿಕೊಂಡು ಮುಖ ಮುಚ್ಚಿಕೊಳ್ಳುವ ತೊಂದರೆ ಕಡಿಮೆ. ಕಷ್ಟದ ಜಾಗದಿಂದ ಪಾರು ಮಾಡುತ್ತದೆಂದು ಬೆಂಗಳೂರಿನ ಹಳೆಯ ಆಟಗಾರರೂ ಕ್ಯಾಡಿಗಳೂ ಇದನ್ನು ಈಗಲೂ 'ರೆಸ್ಕ್ಯೂ' ಎಂದೇ ಕರೆಯುತ್ತಾರೆ; ಟೇಲರ್‌ಮೇಡ್ ಕಂಪನಿ ತನ್ನ ಹೈಬ್ರಿಡ್‌ಗಳಿಗೆ ಇಟ್ಟ ಹೆಸರೂ ಅದೇ.

ಕೈಲಾಗದವರ ಆಸರೆ ಎಂದು ಮೊದಲಲ್ಲಿ ಇದನ್ನು ಕಡೆಗಣಿಸಿದವರಿದ್ದರು. 2004ರಲ್ಲಿ ಸ್ಕಾಟ್ಲೆಂಡಿನ ರಾಯಲ್ ಟ್ರೂನ್‌ನಲ್ಲಿ ಅಮೆರಿಕದ ಟಾಡ್ ಹ್ಯಾಮಿಲ್ಟನ್ ಬ್ರಿಟಿಷ್ ಓಪನ್ ಗೆದ್ದಾಗ ಆ ಮಾತು ನಿಂತಿತು. ಉದ್ದದ ಹೊಡೆತಕ್ಕಷ್ಟೇ ಅಲ್ಲ, ಗ್ರೀನ್‌ನ ಅಂಚಿನಿಂದ ಚೆಂಡನ್ನು ಮೆಲ್ಲಗೆ ಉರುಳಿಸಲೂ ಅವರು ಹೈಬ್ರಿಡ್ಡನ್ನೇ ಬಳಸಿದರು. ಪ್ಲೇಆಫ್‌ನಲ್ಲಿ ಎರ್ನಿ ಎಲ್ಸ್ ಅವರನ್ನು ಸೋಲಿಸಿದರು. 2009ರ ಪಿಜಿಎ ಚಾಂಪಿಯನ್‌ಷಿಪ್‌ನ ಕೊನೆಯ ಕುಳಿಯಲ್ಲಿ ದಕ್ಷಿಣ ಕೊರಿಯಾದ ವೈ.ಇ. ಯಾಂಗ್ ಸುಮಾರು 206 ಗಜದಿಂದ, ಮರವೊಂದನ್ನು ದಾಟಿಸಿ, ಹೈಬ್ರಿಡ್‌ನಲ್ಲಿ ಹೊಡೆದ ಚೆಂಡು ಧ್ವಜದ ಹತ್ತಿರವೇ ಬಂದು ನಿಂತಿತು. ಎದುರು ಆಡುತ್ತಿದ್ದವರು ಟೈಗರ್ ವುಡ್ಸ್. ಏಷ್ಯಾದಲ್ಲಿ ಹುಟ್ಟಿದ ಪುರುಷ ಆಟಗಾರನೊಬ್ಬ ಮೇಜರ್ ಗೆದ್ದದ್ದು ಅದೇ ಮೊದಲು.

ಮೊದಲು ಅಳತೆ

ನಮ್ಮ ಸವಡಿ ಕಡೆ ಬಡಿಗನ ಹತ್ತಿರ ಎಡೆಕುಂಟೆ ಮಾಡಿಸಲು ಹೋದರೆ ಅವನು ಕಟ್ಟಿಗೆಗೆ ಕೈ ಹಾಕುವ ಮೊದಲು ಕೇಳುವುದು ಮೂರು ಮಾತು: ಎತ್ತು ಎಷ್ಟು ಎತ್ತರ, ಸಾಲು ಎಷ್ಟು ಅಗಲ, ನೆಲ ಎರೆಯೋ ಮಸಾರಿಯೋ? ಪಕ್ಕದ ಹೊಲದವನಿಗೆ ಚಲೋ ನಡೆದ ಕುಂಟೆ ನಮ್ಮ ಹೊಲದಲ್ಲಿ ಕಸ ಬಿಟ್ಟು ಬೆಳೆಯನ್ನೇ ಕಡಿಯಬಹುದು. ಹೈಬ್ರಿಡ್ ಕೊಳ್ಳುವವನೂ ಇದೇ ಕ್ರಮದಲ್ಲಿ ನಡೆಯಬೇಕು. ಯಾವ ಕಂಪನಿ, ಯಾವ ಮಾದರಿ ಎಂಬುದು ಕೊನೆಯ ಪ್ರಶ್ನೆ.

ಮೊದಲ ಪ್ರಶ್ನೆ: ನಿಮ್ಮ ಚೀಲದಲ್ಲಿ ಖಾಲಿ ಜಾಗ ಎಲ್ಲಿದೆ? ಡ್ರೈವಿಂಗ್ ರೇಂಜ್‌ಗೆ ಹೋಗಿ ಪ್ರತಿ ಕ್ಲಬ್‌ನಲ್ಲೂ ಹತ್ತಾರು ಚೆಂಡು ಹೊಡೆಯಿರಿ. ತೀರ ಕೆಟ್ಟವನ್ನೂ ಅಪರೂಪಕ್ಕೆ ಸಿಕ್ಕ ಅತ್ಯುತ್ತಮವನ್ನೂ ಬಿಟ್ಟು ನಡುವಿನವನ್ನು ಬರೆದುಕೊಳ್ಳಿ. ಬರೆಯಬೇಕಾದ್ದು ಚೆಂಡು ಉರುಳಿ ನಿಂತ ದೂರವನ್ನಲ್ಲ, ಗಾಳಿಯಲ್ಲಿ ಹಾರಿ ಮೊದಲು ನೆಲ ಮುಟ್ಟಿದ ದೂರವನ್ನು. ಇದನ್ನೇ ಕ್ಯಾರಿ ಎನ್ನುತ್ತಾರೆ. ಚೆಂಡಿನ ಹಾರಾಟ ಅಳೆಯುವ ಲಾಂಚ್ ಮಾನಿಟರ್ ಸಿಕ್ಕರೆ ಕೆಲಸ ಇನ್ನೂ ಹಗುರ.

ಒಬ್ಬ ಆಟಗಾರನ ಲೆಕ್ಕ ಹೀಗಿದೆ ಎಂದುಕೊಳ್ಳೋಣ: 7ನೇ ಐರನ್ 135 ಗಜ, 6ನೇದು 146, 5ನೇದು 155, 4ನೇದು 157, 5ನೇ ವುಡ್ 182. 4ನೇ ಐರನ್ ಇದ್ದರೂ ಒಂದೇ, ಇರದಿದ್ದರೂ ಒಂದೇ ಎಂದು ಈ ಅಂಕಿಗಳೇ ಹೇಳುತ್ತವೆ. 5ನೇ ಐರನ್‌ಗಿಂತ ಅದು ಎರಡೇ ಗಜ ಮುಂದೆ. ಅಲ್ಲಿಂದ 182ರವರೆಗೆ ಏನೂ ಇಲ್ಲ. ಅವನಿಗೆ ಬೇಕಾದ್ದು 168–170 ಗಜ ಹಾರಿಸುವ ಒಂದು ಹೈಬ್ರಿಡ್. ಕ್ಲಬ್‌ನಿಂದ ಕ್ಲಬ್‌ಗೆ 10ರಿಂದ 15 ಗಜದ ಅಂತರ ಇರುವಂತೆ ಚೀಲ ಜೋಡಿಸಿಕೊಂಡರೆ ಮೈದಾನದಲ್ಲಿ ಅನುಮಾನಕ್ಕೆ ಎಡೆ ಇರುವುದಿಲ್ಲ.

ನಿಯಮದ ಪ್ರಕಾರ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರುವಂತಿಲ್ಲ. ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಯಾವುದನ್ನು ತೆಗೆಯುತ್ತೇನೆ ಎಂದು ಹೇಳಲಾಗದವನು ಇನ್ನೂ ಕೊಳ್ಳುವ ಹಂತಕ್ಕೆ ಬಂದಿಲ್ಲ.

ನಂಬರಲ್ಲ, ಲಾಫ್ಟ್

ಹೈಬ್ರಿಡ್‌ನ ತಳದ ಮೇಲೆ 3, 4, 5 ಎಂದು ಬರೆದಿರುತ್ತದೆ. 3ನೇ ಐರನ್ ಬದಲಿಗೆ 3ನೇ ಹೈಬ್ರಿಡ್ ಎಂಬ ಸರಳ ಲೆಕ್ಕ ಅಂಗಡಿಯಲ್ಲೂ ಕೇಳಿಬರುತ್ತದೆ. ಇದನ್ನು ನಂಬಿ ಹಣ ಕೊಡಬೇಡಿ. ಸಾಮಾನ್ಯವಾಗಿ 3ನೇ ಹೈಬ್ರಿಡ್‌ಗೆ 19 ಡಿಗ್ರಿ ಆಸುಪಾಸು, 4ನೇದಕ್ಕೆ 22, 5ನೇದಕ್ಕೆ 25 ಲಾಫ್ಟ್ ಇರುತ್ತದೆ. ಕಂಪನಿಯಿಂದ ಕಂಪನಿಗೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆ. ಇತ್ತೀಚಿನ ಐರನ್‌ಗಳಲ್ಲಂತೂ ದೂರದ ಆಸೆಗೆ ಲಾಫ್ಟನ್ನು ಇಳಿಸುತ್ತಲೇ ಬಂದಿದ್ದಾರೆ. ಒಂದು ಸೆಟ್‌ನ 5ನೇ ಐರನ್ ಇನ್ನೊಂದು ಹಳೆಯ ಸೆಟ್‌ನ 4ನೇದಕ್ಕೆ ಸಮ. ಜೊತೆಗೆ ಹೈಬ್ರಿಡ್‌ನ ಶಾಫ್ಟ್ ಉದ್ದ, ಮುಖ ಚುರುಕು. ಲಾಫ್ಟ್ ಒಂದೇ ಇದ್ದರೂ ಅದು ಐರನ್‌ಗಿಂತ ಕೆಲವು ಗಜ ದೂರ ಹೋಗುತ್ತದೆ. ಆದ್ದರಿಂದ ನಂಬರನ್ನು ಮರೆತು, ಡಿಗ್ರಿ ನೋಡಿ, ನಿಮ್ಮ ಖಾಲಿ ಜಾಗದ ಗಜಕ್ಕೆ ಯಾವುದು ಹೊಂದುತ್ತದೆ ಎಂದು ಹೊಡೆದು ನೋಡಿ.

ಎರಡನೆಯದು ತಲೆಯ ಆಕಾರ. ಐರನ್ ಹೊಡೆದ ಹಾಗೆ ಮೇಲಿನಿಂದ ಕೆಳಕ್ಕೆ ಕಡಿದಂತೆ ಹೊಡೆಯುವವರಿಗೆ ಚಿಕ್ಕ, ಗಟ್ಟಿ ತಲೆಯ ಹೈಬ್ರಿಡ್ ಚೆನ್ನ. ಹುಲ್ಲನ್ನು ಗುಡಿಸಿದಂತೆ ಅಡ್ಡ ಹೊಡೆಯುವವರಿಗೆ ಹಿಂದಕ್ಕೆ ಅಗಲವಾಗಿ ಚಾಚಿದ, ವುಡ್‌ನಂಥ ತಲೆ ಹೊಂದುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು ನೆಲವನ್ನೇ ನೋಡಿ. ಐರನ್ ಹೊಡೆದಾಗ ಚೆಂಡಿನ ಮುಂದೆ ಹುಲ್ಲುಹೆಪ್ಪು ದಪ್ಪಗೆ ಎದ್ದರೆ ನಿಮ್ಮದು ಕಡಿಯುವ ಹೊಡೆತ. ಬರೀ ಹುಲ್ಲಿನ ತುದಿ ಸವರಿದ್ದರೆ ಗುಡಿಸುವ ಹೊಡೆತ.

ಮೂರನೆಯದು ಶಾಫ್ಟ್. ಬಿಗಿ–ಸಡಿಲದ ಗುರುತನ್ನಷ್ಟೇ ನೋಡುವವರು ತೂಕವನ್ನು ಮರೆಯುತ್ತಾರೆ. ನಿಮ್ಮ ಐರನ್‌ಗಳು ಭಾರದ ಸ್ಟೀಲ್ ಶಾಫ್ಟ್‌ನವಾಗಿದ್ದು ಹೈಬ್ರಿಡ್ ಮಾತ್ರ ಹಗುರ ಗ್ರಾಫೈಟ್‌ನದಾದರೆ ಕೈಯ ಲಯ ತಪ್ಪುತ್ತದೆ. ಹೈಬ್ರಿಡ್‌ನ ಶಾಫ್ಟ್ ತೂಕ ಫೇರ್‌ವೇ ವುಡ್‌ಗಿಂತ ಹೆಚ್ಚು, ಐರನ್‌ಗಿಂತ ಕಡಿಮೆ ಇರಲಿ. ಚೀಲದಲ್ಲಿ ಉದ್ದ ಕಡಿಮೆಯಾದಂತೆ ತೂಕ ಹಂತಹಂತವಾಗಿ ಏರಬೇಕು.

ನಾಲ್ಕನೆಯದು ದಿಕ್ಕು. ಬಲಗೈ ಆಟಗಾರರಲ್ಲಿ ಬಹಳ ಜನರ ದೂರು ಒಂದೇ: ಹೈಬ್ರಿಡ್ ಹೊಡೆದರೆ ಚೆಂಡು ಎಡಕ್ಕೆ ಎಳೆಯುತ್ತದೆ. ಬಲಕ್ಕೆ ಬಾಗುವ ಚೆಂಡಿನಿಂದ ಬೇಸತ್ತವರಿಗೆ ನೆರವಾಗಲೆಂದು ಹಲವು ಮಾದರಿಗಳಲ್ಲಿ ಮುಖವನ್ನು ತುಸು ಹಿಂದಕ್ಕೆ ಇಟ್ಟು, ತೂಕವನ್ನು ಹಿಮ್ಮಡಿಯ ಕಡೆ ಸರಿಸಿರುತ್ತಾರೆ. ಸಹಜವಾಗಿಯೇ ಎಡಕ್ಕೆ ಬಾಗಿಸುವವನ ಕೈಗೆ ಅದು ಸಿಕ್ಕರೆ ಚೆಂಡು ಮೈದಾನದಲ್ಲೇ ಉಳಿಯುವುದಿಲ್ಲ. ಅಂಥವರು ಮುಖ ನೆಟ್ಟಗಿರುವ ಮಾದರಿ ಹುಡುಕಬೇಕು. ಕುತ್ತಿಗೆಯಲ್ಲಿ ತಿರುಗಿಸಿ ಲಾಫ್ಟ್ ಬದಲಿಸುವ ಕ್ಲಬ್ ಇದ್ದರೆ ಒಂದು ಮಾತು ನೆನಪಿರಲಿ: ಲಾಫ್ಟ್ ಹೆಚ್ಚಿಸಿದಷ್ಟೂ ಮುಖ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಇಳಿಸಿದಷ್ಟೂ ತೆರೆದುಕೊಳ್ಳುತ್ತದೆ.

ನೆಲ, ಗಾಳಿ, ಮಳೆ

ಕ್ಲಬ್ ಹೊಡೆದು ನೋಡುವುದು ಹೆಚ್ಚಾಗಿ ರೇಂಜ್‌ನ ಪ್ಲಾಸ್ಟಿಕ್ ಚಾಪೆಯ ಮೇಲೆ. ಚಾಪೆಯ ಮೇಲೆ ಕ್ಲಬ್ ಚೆಂಡಿಗಿಂತ ಎರಡು ಅಂಗುಲ ಹಿಂದೆ ತಾಗಿದರೂ ಜಾರಿ ಮುಂದೆ ಹೋಗಿ ಚೆಂಡನ್ನು ಚಿಮ್ಮಿಸುತ್ತದೆ. ಹುಲ್ಲಿನ ಮೇಲೆ ಅದೇ ಹೊಡೆತ ಮಣ್ಣಿನಲ್ಲಿ ಹೂತುಹೋಗುತ್ತದೆ. ಅಗಲ ತಳದ ಹೈಬ್ರಿಡ್ ಚಾಪೆಯ ಮೇಲಂತೂ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಿದ್ದರೆ ಒಂದು ದಿನದ ಮಟ್ಟಿಗೆ ಕೇಳಿ ಪಡೆದು ಮೂರು ಕಡೆ ಹೊಡೆಯಿರಿ: ಫೇರ್‌ವೇ ಮೇಲೆ, ರಫ್‌ನಲ್ಲಿ, ಹುಲ್ಲು ಸವೆದ ಬರಿ ನೆಲದ ಮೇಲೆ. ಬರಿ ನೆಲದಲ್ಲಿ ತೀರ ಅಗಲದ ತಳ ಪುಟಿದು ಚೆಂಡಿನ ನೆತ್ತಿಗೆ ಬಡಿಯುವುದುಂಟು. ಬೇಸಿಗೆಯಲ್ಲಿ ನೆಲ ಕಲ್ಲಾಗುವ ನಮ್ಮ ರಾಜ್ಯದಲ್ಲಿ ಇದನ್ನು ನೋಡದೆ ಕೊಳ್ಳಬಾರದು.

ಊರೂರಿಗೂ ಗಾಳಿ ಬೇರೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ತುಸು ದೂರ ಹಾರುತ್ತದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್‌ನಲ್ಲೋ, ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಪೀಟರ್ ಥಾಮ್ಸನ್ ವಿನ್ಯಾಸಗೊಳಿಸಿದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲೋ ಬರೆದುಕೊಂಡ ಗಜಗಳನ್ನು ಕರಾವಳಿಗೆ ಹೋದಾಗ ತಗ್ಗಿಸಿ ಓದಬೇಕು. ಮಳೆಗಾಲದಲ್ಲಿ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ. ಉರುಳುವ ಲಾಭ ಇಲ್ಲ. ಆಗ ಎತ್ತರಕ್ಕೆ ಹಾರಿಸಿ ಪೂರ್ತಿ ದೂರವನ್ನು ಗಾಳಿಯಲ್ಲೇ ದಾಟಿಸುವ ಹೈಬ್ರಿಡ್ ನಿಜಕ್ಕೂ ಕೈಹಿಡಿಯುತ್ತದೆ.

ಅದೇ ಎತ್ತರ ಗಾಳಿಗೆ ಎದುರಾದರೆ ತೊಡಕು. ಗಜೇಂದ್ರಗಡದ ಗುಡ್ಡಗಳಲ್ಲಿ ಗಾಳಿಯಂತ್ರ ತಿರುಗಿಸುವಂಥ ಗಾಳಿಗೆ ಎದುರಾಗಿ ಎತ್ತರದ ಹೊಡೆತ ಹೊಡೆದರೆ ಚೆಂಡು ಮೇಲೇರಿ ಅಲ್ಲೇ ನಿಂತು ಕೆಳಗೆ ಬೀಳುತ್ತದೆ. ಬಯಲಿನ ಮೈದಾನಗಳಲ್ಲೇ ಹೆಚ್ಚು ಆಡುವವರು, ಸ್ವಿಂಗ್ ವೇಗ ಚೆನ್ನಾಗಿರುವವರು ಒಂದು ಲಾಂಗ್ ಐರನ್ ಉಳಿಸಿಕೊಳ್ಳುವುದು ತಪ್ಪಲ್ಲ. ಸ್ವಿಂಗ್ ನಿಧಾನವಾಗಿರುವ ಹಿರಿಯರು, ಮಹಿಳೆಯರು, ಹೊಸಬರು 6ನೇ ಹೈಬ್ರಿಡ್‌ವರೆಗೂ ಹೋಗಬಹುದು. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಸ್ಕೋರ್‌ಕಾರ್ಡ್‌ನಲ್ಲಿ ಯಾವ ಕ್ಲಬ್‌ನಿಂದ ಹೊಡೆದಿರಿ ಎಂದು ಬರೆಯುವ ಕಾಲಂ ಇಲ್ಲ.

ಹೊಡೆಯುವ ಕ್ರಮ ಕಲಿಯದಿದ್ದರೆ ಆರಿಸಿದ್ದೂ ವ್ಯರ್ಥ. ಚೆಂಡನ್ನು ಎರಡು ಪಾದಗಳ ನಡುಮಧ್ಯಕ್ಕಿಂತ ಒಂದೆರಡು ಅಂಗುಲ ಮುಂದೆ ಇಡಿ. ಐರನ್‌ನಂತೆ ಸ್ವಲ್ಪ ಕೆಳಮುಖವಾಗಿಯೇ ಹೊಡೆಯಿರಿ. ಚೆಂಡನ್ನು ಕೆಳಗಿನಿಂದ ಎತ್ತಿಹಾಕಲು ಹೋಗಬೇಡಿ. ಎತ್ತುವ ಕೆಲಸ ಲಾಫ್ಟ್‌ನದು. ಗ್ರೀನ್‌ನ ಅಂಚಿನಲ್ಲಿ ಹುಲ್ಲು ಅಡ್ಡ ಬಂದಾಗ ಟಾಡ್ ಹ್ಯಾಮಿಲ್ಟನ್ ಮಾಡಿದಂತೆ ಹಿಡಿಯನ್ನು ಕೆಳಗೆ ಹಿಡಿದು ಪಟರ್‌ನಂತೆ ತಳ್ಳಿ ನೋಡಿ. ಒಂದು ಕ್ಲಬ್‌ನಲ್ಲಿ ಎರಡು ಕೆಲಸ ಆಗುತ್ತದೆ.

ದುಡ್ಡಿನ ಮಾತು

ಗಾಲ್ಫ್ ಹಣವಂತರ ಆಟ ಎಂಬ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬದುಕು ಆರಂಭಿಸಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಸಮೀಪದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ದೇಶದ ಅಗ್ರ ವೃತ್ತಿಪರರ ಸಾಲಿಗೆ ಸೇರಿದರು. ಮೈಸೂರಿನ ಪ್ರಣವಿ ಅರಸ್ ಏಷ್ಯನ್ ಕ್ರೀಡಾಕೂಟದ ತಂಡದಲ್ಲಿ ಅದಿತಿಯ ಜೊತೆ ಆಡಿದರು. ಈ ಆಟ ಬೆಂಗಳೂರಿನ ಕ್ಲಬ್‌ಗಳ ಗೋಡೆ ದಾಟಿ ಬರಬೇಕು. ಗದಗ, ಕೊಪ್ಪಳ, ಬಾಗಲಕೋಟೆಯಂಥ ಜಿಲ್ಲೆಗಳಲ್ಲಿ ಕನಿಷ್ಠ ಒಂದೊಂದು ಸಾರ್ವಜನಿಕ ಡ್ರೈವಿಂಗ್ ರೇಂಜ್ ಆಗಬೇಕು ಎಂಬುದು ನನ್ನ ಬಲವಾದ ಆಸೆ. ಆ ದಿನ ಬರುವವರೆಗೆ ಕೆಲಸಕ್ಕೆಂದು ಬೆಂಗಳೂರು ಸೇರಿ, ಅಲ್ಲಿ ಆಟದ ರುಚಿ ಹತ್ತಿಸಿಕೊಂಡ ನಮ್ಮ ಕಡೆಯ ಹುಡುಗ ಹುಡುಗಿಯರು ಸಾಲ ಮಾಡಿ ಹೊಸ ಸೆಟ್ ಕೊಳ್ಳಬೇಕಾಗಿಲ್ಲ.

ಹೈಬ್ರಿಡ್‌ನ ತಂತ್ರ ವರ್ಷವರ್ಷಕ್ಕೂ ಬದಲಾಗುವುದಿಲ್ಲ. ಐದಾರು ವರ್ಷ ಹಿಂದಿನ ಒಳ್ಳೆಯ ಮಾದರಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕರೂ ಕೆಲಸದಲ್ಲಿ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ಹಳೆಯದನ್ನು ಕೊಳ್ಳುವಾಗ ತಲೆ–ಶಾಫ್ಟ್ ಕೂಡುವಲ್ಲಿ ಬಿರುಕು ಇದೆಯೇ ನೋಡಿ, ಅಲುಗಿಸಿದಾಗ ಒಳಗೆ ಏನಾದರೂ ಗಲಗಲ ಎನ್ನುತ್ತದೆಯೇ ಕೇಳಿ, ಹಿಡಿ ಸವೆದಿದ್ದರೆ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ದೊಡ್ಡ ಕಂಪನಿಗಳ ಹೆಸರಿನಲ್ಲಿ ನಕಲಿ ಕ್ಲಬ್‌ಗಳೂ ಮಾರಾಟವಾಗುತ್ತವೆ. ನಂಬಲಾರದಷ್ಟು ಅಗ್ಗ ಎನಿಸಿದ್ದನ್ನು ಬಿಟ್ಟುಬಿಡಿ. ಮಕ್ಕಳಿಗೆ ಅಪ್ಪನ ಕ್ಲಬ್ಬನ್ನು ಕತ್ತರಿಸಿ ಕೊಡಬೇಡಿ. ತಲೆಯ ಭಾರ ಹಾಗೇ ಉಳಿದು ಮಗುವಿನ ಸ್ವಿಂಗ್ ಕೆಡುತ್ತದೆ. ಎತ್ತರಕ್ಕೆ ತಕ್ಕ ಮಕ್ಕಳ ಕ್ಲಬ್ ಬೇರೆಯೇ ಸಿಗುತ್ತದೆ.

ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ಇಷ್ಟು ಬರೆದುಕೊಳ್ಳಿ: ಪ್ರತಿ ಕ್ಲಬ್‌ನ ಕ್ಯಾರಿ, ಖಾಲಿ ಇರುವ ಗಜ, ಚೆಂಡು ಸಾಮಾನ್ಯವಾಗಿ ಬಾಗುವ ದಿಕ್ಕು, ಐರನ್ ಶಾಫ್ಟ್‌ನ ತೂಕ, ಚೀಲದಿಂದ ಹೊರಹೋಗುವ ಕ್ಲಬ್. ಈ ಐದು ಸಾಲು ಕೈಯಲ್ಲಿದ್ದರೆ ಮಾರುವವನ ಮಾತು ನಿಮ್ಮನ್ನು ಎಳೆದಾಡುವುದಿಲ್ಲ. ಎದುರಾಳಿ ಐವತ್ತು ಗಜ ಮುಂದಿದ್ದರೂ ಅದಿತಿ ಅಶೋಕ್ ತಮ್ಮ ಗಜಗಳನ್ನು ನಂಬಿ ಆಡಿದರು, ಒಲಿಂಪಿಕ್ಸ್‌ನಲ್ಲಿ ನಾಲ್ಕೇ ದಿನಗಳಲ್ಲಿ ಜಗತ್ತಿನ ಮುಂಚೂಣಿಯ ಆಟಗಾರ್ತಿಯರಲ್ಲಿ ಬಹುತೇಕರನ್ನು ಹಿಂದೆ ಹಾಕಿದರು. ನಿಮ್ಮ ಗಜ ಎಷ್ಟೇ ಇರಲಿ, ಅದನ್ನು ಸರಿಯಾಗಿ ಅಳೆದು ಅದಕ್ಕೊಪ್ಪುವ ಕ್ಲಬ್ ಹಿಡಿಯಿರಿ. ಆಟ ಸುಧಾರಿಸುವುದು ಅಲ್ಲಿಂದಲೇ.